ಬಲಿಪೀಠದ ಮುಂದೆ ನಿಂತ ಕನ್ಯೆ



ಈಚಿನ ವರ್ಷಗಳಲ್ಲಿ ನಮ್ಮ ಹೆಣ್ಣುಮಕ್ಕಳು ಒಂದು ಬಗೆಯ ಕಾದಂಬರಿಗಳನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಾರೆ. ಅವುಗಳಲ್ಲಿ ಗ್ರೀಕ್ ಪುರಾಣದ ದೇವತೆಗಳೂ ಅವರ ಶಾಪವರಗಳೂ ಇರುತ್ತವೆ. ಒಬ್ಬ ತರುಣಿಯೂ ಒಬ್ಬ ತರುಣನೂ ಇರುತ್ತಾರೆ. ಅವರ ಪ್ರೇಮವು ಕೈಗೂಡಬೇಕಾದರೆ ಪ್ರಾಣಕ್ಕೇ ಎರವಾಗಬಹುದಾದ ಮೂರು ನಾಲ್ಕು ಪರೀಕ್ಷೆಗಳನ್ನು ದಾಟಬೇಕು. ಪುಸ್ತಕವನ್ನು ಹಿಡಿದ ಹುಡುಗಿಯು ದೀಪವಾರಿಸುವ ಹೊತ್ತಾದರೂ ಅದನ್ನು ಕೆಳಗಿಡುವುದಿಲ್ಲ. ಆಗ ತಾಯಿಗೆ ಚಿಂತೆ ಹತ್ತುತ್ತದೆ. “ಟೀಚರಮ್ಮಾ, ಇಂಥದ್ದನ್ನು ಓದಗೊಡಬಹುದೇ? ಇಲ್ಲ, ಕಿತ್ತಿಡಬೇಕೇ?” ಎಂದು ಕೇಳುವವರು ಪ್ರತಿ ವರ್ಷವೂ ಬರುತ್ತಾರೆ.

ಪುಸ್ತಕವನ್ನು ಕಿತ್ತಿಡುವುದು ಸುಲಭ, ಸುಮ್ಮನೆ ಬಿಟ್ಟುಬಿಡುವುದು ಇನ್ನೂ ಸುಲಭ. ಆದರೆ ಇವೆರಡರಿಂದಲೂ ಮಗುವಿಗೆ ಓದುವ ವಿವೇಕ ಬರಲಾರದು. ಕಥೆಯನ್ನು ಪ್ರಶ್ನಿಸಿ ಓದುವ ಅಭ್ಯಾಸವನ್ನು ಮಾಡಿಸುವುದೇ ನಮಗೆ ಉಳಿದಿರುವ ದಾರಿ. ಆದಕಾರಣ ಈ ಲೇಖನದಲ್ಲಿ ಪ್ರಾಣಪರೀಕ್ಷೆಯ ಕೆಲವು ಕಥೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ಪ್ರತಿಯೊಂದಕ್ಕೂ ಮೂರು ಪ್ರಶ್ನೆಗಳನ್ನು ಹಾಕಿ ನೋಡೋಣ. ಒಂದನೆಯದು: ಈ ಪರೀಕ್ಷೆಯನ್ನು ಒಡ್ಡಿದವರು ಯಾರು? ಎರಡನೆಯದು: ಅದನ್ನು ಎದುರಿಸಿದವಳು ಯಾವ ಬಲದಿಂದ ಪಾರಾದಳು? ಮೂರನೆಯದು: ಅವಳು ಪಾರಾದ ಮೇಲೆ ಆ ಪರೀಕ್ಷೆಯ ಗತಿಯೇನಾಯಿತು? ಮೊದಲ ಎರಡು ಪ್ರಶ್ನೆಗಳು ಮಕ್ಕಳಿಗೆ ತಾವಾಗಿಯೇ ಹೊಳೆಯುತ್ತವೆ. ಮೂರನೆಯದನ್ನು ಮಾತ್ರ ಹಿರಿಯರಾದ ನಾವೂ ಕೇಳಿಕೊಳ್ಳುವುದನ್ನು ಮರೆತಿದ್ದೇವೆ.

೧. ಕಾದಂಬರಿ ಎಂಬ ಹೆಸರು

ಪ್ರೇಮವೂ ಅದ್ಭುತವೂ ಕಲೆತ ಕಥೆಗಳು ಪರದೇಶದಿಂದ ಬಂದವೆಂದು ತಿಳಿಯಬೇಕಾಗಿಲ್ಲ. ‘ಕಾದಂಬರಿ’ ಎಂಬ ಶಬ್ದವೇ ಅಂಥ ಒಂದು ಕಥೆಯ ನಾಯಿಕೆಯ ಹೆಸರು. ಏಳನೆಯ ಶತಮಾನದಲ್ಲಿ ಹರ್ಷ ಚಕ್ರವರ್ತಿಯ ಆಸ್ಥಾನದಲ್ಲಿದ್ದ ಬಾಣನು ಸಂಸ್ಕೃತದಲ್ಲಿ ಆ ಕಥೆಯನ್ನು ಬರೆದನು. ನಾಗವರ್ಮನು ಅದನ್ನು ಕನ್ನಡದಲ್ಲಿ ಚಂಪೂಕಾವ್ಯವಾಗಿಸಿದನು. ಅದರಲ್ಲಿ ಗಂಧರ್ವ ಕನ್ಯೆಯರಿದ್ದಾರೆ, ಶಾಪಗಳಿವೆ, ಸತ್ತವರು ಮರಳಿ ಜೀವ ತಳೆಯುವುದೂ ಇದೆ. ಅಲ್ಲಿ ಮಹಾಶ್ವೇತೆಗೆ ಬಂದ ಪರೀಕ್ಷೆಯು ಕಾಯುವಿಕೆಯದು. ಪ್ರಿಯನನ್ನು ಕಳೆದುಕೊಂಡು ಅಚ್ಛೋದ ಸರೋವರದ ದಂಡೆಯಲ್ಲಿ ತಪಸ್ವಿನಿಯಾಗಿ ಅವಳು ಕಾದಳು. ಆ ಒಂದು ಕಥೆಯ ಹೆಸರನ್ನೇ ನಾವು ಇಂದು ಎಲ್ಲ ಕಾದಂಬರಿಗಳಿಗೂ ಇಟ್ಟುಕೊಂಡಿದ್ದೇವೆ. ಆದುದರಿಂದ ಮಗಳು ಅದ್ಭುತ ಕಥೆಯನ್ನು ಓದುತ್ತಾಳೆಂದು ಗಾಬರಿಗೊಳ್ಳುವ ಕಾರಣವಿಲ್ಲ. ಆ ಕಥೆಯ ಪರೀಕ್ಷೆ ಎಂಥದು ಎಂಬುದನ್ನು ಮಾತ್ರ ನೋಡಬೇಕು.

ಗ್ರೀಕರ ಪುರಾಣದಲ್ಲಿ ಇಂಥ ಪರೀಕ್ಷೆಗಳಿಗೆ ಕೊರತೆಯಿಲ್ಲ. ಕ್ರೀಟ್ ದ್ವೀಪದ ಅರಸನಾದ ಮಿನೋಸನಿಗೆ ಅಥೆನ್ಸ್ ಪಟ್ಟಣದವರು ಏಳು ಮಂದಿ ಹುಡುಗರನ್ನೂ ಏಳು ಮಂದಿ ಹುಡುಗಿಯರನ್ನೂ ಕಪ್ಪವಾಗಿ ಕಳುಹಿಸಬೇಕಾಗಿತ್ತು. ಅವರನ್ನು ಹೊರಬರಲಾಗದ ಸುತ್ತುಮನೆಯೊಳಕ್ಕೆ ಬಿಟ್ಟು, ಗೂಳಿಯ ತಲೆಯ ರಾಕ್ಷಸನಿಗೆ ಆಹಾರ ಮಾಡುತ್ತಿದ್ದರು. ಥೀಸಿಯಸ್ ಎಂಬ ರಾಜಕುಮಾರನು ಆ ರಾಕ್ಷಸನನ್ನು ಕೊಂದನು. ಅವನು ಹೊರಬರಲು ದಾರಿಯಾದದ್ದು ಅರಸುಮಗಳು ಅರಿಯಾಡ್ನೆಯು ಕೊಟ್ಟ ನೂಲಿನ ಉಂಡೆ. ಅಮೆರಿಕದ ಲೇಖಕಿ ಸುಝೇನ್ ಕಾಲಿನ್ಸ್ ಅವರು ೨೦೦೮ರಲ್ಲಿ ಪ್ರಕಟಿಸಿದ ‘ದಿ ಹಂಗರ್ ಗೇಮ್ಸ್’ ಕಾದಂಬರಿಗೆ ಈ ಕಥೆಯೇ ಒಂದು ಪ್ರೇರಣೆಯೆಂದು ಅವರೇ ಹೇಳಿದ್ದಾರೆ. ಅದರಲ್ಲಿ ಹನ್ನೆರಡು ಜಿಲ್ಲೆಗಳಿಂದ ತಲಾ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿಯೆತ್ತಿ ಆರಿಸಿ, ಒಬ್ಬರನ್ನೊಬ್ಬರು ಕೊಲ್ಲುವ ಕಣಕ್ಕೆ ಬಿಡುತ್ತಾರೆ. ತಂಗಿಯ ಹೆಸರು ಬಂದಾಗ ಅಕ್ಕನು ಅವಳ ಬದಲಿಗೆ ತಾನು ಹೋಗುತ್ತಾಳೆ. ನಮ್ಮ ಹುಡುಗಿಯರು ಈ ಕಥೆಯನ್ನು ಬಲ್ಲರು. ಇದಕ್ಕಿಂತ ಹಳೆಯ ಕಥೆಗಳತ್ತ ಈಗ ಹೋಗೋಣ.

೨. ಮದುವೆಯೆಂದು ಕರೆದು ಬಲಿಗೆ ನಿಲ್ಲಿಸಿದರು

ಗ್ರೀಕರ ಹಡಗುಗಳು ಟ್ರಾಯ್ ಪಟ್ಟಣದ ಮೇಲೆ ದಂಡೆತ್ತಿ ಹೋಗಲು ಆಲಿಸ್ ಎಂಬ ಬಂದರಿನಲ್ಲಿ ನಿಂತಿದ್ದುವು. ಗಾಳಿ ಅನುಕೂಲವಾಗಲಿಲ್ಲ. ಅರ್ಟೆಮಿಸ್ ದೇವತೆಗೆ ಸೇನಾಪತಿ ಅಗಮೆಮ್ನನನ ಹಿರಿಯ ಮಗಳನ್ನು ಬಲಿಕೊಟ್ಟರೆ ಗಾಳಿ ಬೀಸುವುದೆಂದು ಕಣಿ ಹೇಳುವವನು ನುಡಿದನು. ತಂದೆಯು ಮಗಳಾದ ಇಫಿಜೀನಿಯಳನ್ನು ಕರೆಸಲು ಓಲೆ ಕಳುಹಿಸಿದನು. ಮಹಾವೀರನಾದ ಅಕಿಲೀಸನೊಡನೆ ಅವಳಿಗೆ ವಿವಾಹ ನಿಶ್ಚಯವಾಗಿದೆ ಎಂದು ಬರೆಸಿದನು. ಮದುವಣಗಿತ್ತಿಯಾಗಿ ಬಂದ ಹುಡುಗಿಯನ್ನು ಬಲಿಪೀಠಕ್ಕೆ ಎತ್ತಿದರು. ಕತ್ತಿ ಬೀಳುವ ಗಳಿಗೆಯಲ್ಲಿ ದೇವತೆಯು ಅವಳ ಸ್ಥಾನದಲ್ಲಿ ಒಂದು ಜಿಂಕೆಯನ್ನಿಟ್ಟು, ಅವಳನ್ನು ದೂರದ ಟಾರಿಸ್ ನಾಡಿಗೆ ಸಾಗಿಸಿದಳೆಂದು ಕಥೆ.

ಅನಂತರದ ಭಾಗವನ್ನು ಯೂರಿಪಿಡೀಸ್ ಎಂಬ ನಾಟಕಕಾರನು ಕ್ರಿಸ್ತಪೂರ್ವ ಐದನೆಯ ಶತಮಾನದ ಕೊನೆಯಲ್ಲಿ ನಾಟಕವಾಗಿ ಬರೆದನು. ಆ ನಾಡಿನವರು ದಡಕ್ಕೆ ಬಂದ ಪರದೇಶಿಗಳನ್ನು ದೇವತೆಗೆ ಬಲಿಕೊಡುತ್ತಿದ್ದರು. ಬಲಿಯಿಂದ ಉಳಿದ ಇಫಿಜೀನಿಯಳು ಅಲ್ಲಿ ಬಲಿಗೆ ಸಿದ್ಧಪಡಿಸುವ ಪೂಜಾರಿಣಿಯಾದಳು. ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಒಮ್ಮೆ ಬಲಿಪೀಠದ ಮೇಲೆ ಮಲಗಿಸಲ್ಪಟ್ಟವಳೇ ಈಗ ಬೇರೆಯವರ ತಲೆಗೆ ತೀರ್ಥ ಚಿಮುಕಿಸುವವಳಾದಳು. ಸೊಸೆಯಾಗಿದ್ದಾಗ ನೊಂದವಳು ಅತ್ತೆಯಾಗಿ ಅದನ್ನೇ ನಡೆಸುವ ಮನೆಗಳನ್ನು ಕಂಡವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಕೊನೆಗೆ ಬಲಿಗಾಗಿ ತರಲ್ಪಟ್ಟ ಇಬ್ಬರಲ್ಲಿ ಒಬ್ಬನು ತನ್ನ ಸ್ವಂತ ತಮ್ಮನೆಂದು ಒಂದು ಪತ್ರದ ಮೂಲಕ ಅವಳಿಗೆ ತಿಳಿಯಿತು. ದೇವತಾಮೂರ್ತಿಯು ಮೈಲಿಗೆಯಾಗಿದೆ, ಸಮುದ್ರದಲ್ಲಿ ತೊಳೆಯಬೇಕು ಎಂದು ಅರಸನನ್ನು ನಂಬಿಸಿ, ಅವಳು ತಮ್ಮನೊಡನೆ ಹಡಗು ಹತ್ತಿದಳು. ಅಥೀನಾ ದೇವಿ ಪ್ರತ್ಯಕ್ಷಳಾಗಿ, ಬೆನ್ನಟ್ಟಿದ ಅರಸನನ್ನು ತಡೆದಳು. ಗ್ರೀಸ್ ದೇಶದಲ್ಲಿ ಇನ್ನು ಮುಂದೆ ಆ ದೇವತೆಯ ಹಬ್ಬದಂದು ಕತ್ತಿಯನ್ನು ಮನುಷ್ಯನ ಕೊರಳಿಗೆ ತಾಗಿಸಿ ಒಂದಿಷ್ಟು ರಕ್ತವನ್ನು ತೆಗೆದರೆ ಸಾಕೆಂದು ವಿಧಿಸಿದಳು.

ನಮ್ಮ ಮೂರು ಪ್ರಶ್ನೆಗಳನ್ನು ಹಾಕೋಣ. ಪರೀಕ್ಷೆಯನ್ನು ಒಡ್ಡಿದವನು ಸ್ವಂತ ತಂದೆ, ಅದೂ ಮದುವೆಯ ಹೆಸರಿನಲ್ಲಿ. ಅವಳು ಪಾರಾದದ್ದು ಮೊದಲನೆಯ ಸಲ ದೇವತೆಯ ಕೃಪೆಯಿಂದ, ಎರಡನೆಯ ಸಲ ತನ್ನ ಬುದ್ಧಿಯಿಂದ. ಬಲಿಯ ಪದ್ಧತಿಯಾದರೋ ತೀರಾ ಹೋಗಲಿಲ್ಲ, ಒಂದು ಹನಿ ರಕ್ತಕ್ಕೆ ಇಳಿಯಿತು. ಮೂರನೆಯ ಪ್ರಶ್ನೆಗೆ ದೊರೆತದ್ದು ಅರ್ಧ ಉತ್ತರ. ವೇದಪಾಠದಲ್ಲಿ ನ್ಯಾಯಸ್ಥಾಪಕರ ಪುಸ್ತಕದ ೧೧ನೆಯ ಅಧ್ಯಾಯವನ್ನು ಓದಿದವರಿಗೆ ಇಲ್ಲಿ ಯೆಪ್ತಾಹನ ಮಗಳು ನೆನಪಾಗುವಳು. ತಂದೆ ಆಡಿದ ಹರಕೆಯ ಮಾತಿಗೆ ಮಗಳು ತಲೆಯೊಡ್ಡಿದಳು. ಇಸಾಕನಿಗೆ ದೊರೆತ ಟಗರು ಅವಳಿಗೆ ದೊರೆಯಲಿಲ್ಲ. ಅವಳ ಹೆಸರೂ ಬರೆಯಲ್ಪಟ್ಟಿಲ್ಲ.

೩. ನಮ್ಮ ಕರಾವಳಿಯಲ್ಲಿ ನಡೆದಂತೆ ಬರೆದ ಗ್ರೀಕ್ ಪ್ರಹಸನ

ಇನ್ನು ಮುಂದಿನ ಕಥೆಯು ನಮ್ಮ ನಾಡಿಗೆ ಸಂಬಂಧಪಟ್ಟದ್ದು. ಗ್ರೀಕರಿಗೂ ನಮಗೂ ಎತ್ತಣ ಸಂಬಂಧವೆಂದು ಹರಿಯಬ್ಬೆಯಲ್ಲಿ ಕುಳಿತವರು ಕೇಳಬಹುದು. ನಮ್ಮ ಜಿಲ್ಲೆಯ ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಆ ನೆಲದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ಆ ಕಾಲದಲ್ಲಿ ರೋಮ್ ಸಾಮ್ರಾಜ್ಯದ ಹಡಗುಗಳು ಈಜಿಪ್ಟಿನ ಬಂದರುಗಳಿಂದ ಮುಂಗಾರು ಗಾಳಿಯನ್ನು ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದುವು. ಮೆಣಸು ಮೊದಲಾದುವನ್ನು ಕೊಂಡು ಹೋಗುತ್ತಿದ್ದುವು. ಹಡಗಿನಲ್ಲಿ ಸರಕಿನೊಡನೆ ಕಥೆಗಳೂ ಸಾಗಿದುವು.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ೧೮೯೬ರಿಂದ ಅಗೆಯಿಸಿದರು. ಮರಳಿನಲ್ಲಿ ಒಣಗಿ ಉಳಿದಿದ್ದ ಸಾವಿರಾರು ಪಪೈರಸ್ ಹಾಳೆಗಳು ದೊರೆತುವು. ಅವುಗಳಲ್ಲಿ ೪೧೩ನೆಯ ಸಂಖ್ಯೆಯದು ೧೯೦೩ರಲ್ಲಿ ಪ್ರಕಟವಾಯಿತು. ಅದು ಕ್ರಿಸ್ತಶಕ ಎರಡನೆಯ ಶತಮಾನದ ಪ್ರತಿ. ಅದರಲ್ಲಿರುವುದು ಒಂದು ಗ್ರೀಕ್ ಪ್ರಹಸನ. ಎಲ್ಲಿ ವಾದ್ಯ ಬಡಿಯಬೇಕೆಂಬ ಗುರುತುಗಳೂ ಅದರಲ್ಲಿವೆ.

ಕಥೆಯು ಹೀಗಿದೆ. ಚಾರಿಷನ್ ಎಂಬ ಗ್ರೀಕ್ ಕನ್ಯೆಯು ಹಿಂದೂದೇಶದ ಸಮುದ್ರತೀರದ ಒಂದು ಚಂದ್ರದೇವಿಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ದೇವಿಗೆ ಬಲಿಕೊಡಲು ಅರಸನು ಯೋಚಿಸಿದ್ದನೆಂದು ವಿದ್ವಾಂಸರು ಓದುತ್ತಾರೆ. ಅವಳ ಅಣ್ಣನು ಹಡಗಿನಲ್ಲಿ ಬರುತ್ತಾನೆ, ಜೊತೆಗೊಬ್ಬ ವಿದೂಷಕನೂ ಇದ್ದಾನೆ. ನೀರು ಬೆರೆಸದ ಮದ್ಯವನ್ನು ಅರಸನಿಗೂ ಅವನ ಪರಿವಾರಕ್ಕೂ ಕುಡಿಸಿ, ಅಮಲೇರಿ ಕುಣಿಯುವ ಅರಸನನ್ನು ಕಟ್ಟಿಹಾಕಿ, ಇವರು ಹಡಗು ಹತ್ತುತ್ತಾರೆ. ಇಫಿಜೀನಿಯಳ ಕಥೆಯನ್ನೇ ಹಾಸ್ಯಕ್ಕಾಗಿ ತಿರುಗಿಸಿ ಬರೆದದ್ದೆಂಬುದು ಸ್ಪಷ್ಟ. ಆದುದರಿಂದ ನಮ್ಮ ಕರಾವಳಿಯಲ್ಲಿ ಅಂಥ ನರಬಲಿಯಿತ್ತೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ಹಿಡಿಯಬಾರದು. ಅದು ಈಜಿಪ್ಟಿನ ರಂಗಸ್ಥಳದಲ್ಲಿ ಪರದೇಶಿಗಳನ್ನು ಗೇಲಿಮಾಡಿ ಜನರನ್ನು ನಗಿಸಲು ಮಾಡಿದ ಕಲ್ಪನೆ.

ಆ ಪ್ರಹಸನದಲ್ಲಿ ಅರಸನೂ ಅವನ ಜನರೂ ಗ್ರೀಕ್ ಅಲ್ಲದ ಯಾವುದೋ ಭಾಷೆಯಲ್ಲಿ ಮಾತನಾಡುತ್ತಾರೆ. ಆ ಮಾತುಗಳು ಗ್ರೀಕ್ ಅಕ್ಷರಗಳಲ್ಲಿ ಬರೆದಿವೆ. ಶಾಸನತಜ್ಞರಾದ ಹುಲ್ಟ್ಷ್ ಅವರು ೧೯೦೪ರಲ್ಲಿ ಇದು ಕನ್ನಡವೆಂದು ಸೂಚಿಸಿದರು. ಮದ್ಯವನ್ನು ಪಾತ್ರೆಗೆ ಹಾಕುವ ಸಂದರ್ಭದಲ್ಲಿ ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರ’ ಎಂಬ ಶಬ್ದಗಳನ್ನು ಅವರು ಗುರುತಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ಮತವನ್ನು ಎತ್ತಿಹಿಡಿದರು. ಲಂಡನ್ನಿನ ಬಾರ್ನೆಟ್ ಅವರು ೧೯೨೬ರಲ್ಲಿ ಒಪ್ಪಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳೂ ಇತಿಹಾಸಕಾರರಾದ ಭಾಸ್ಕರ ಆನಂದ ಸಾಲೆತ್ತೂರರೂ ಈ ವಿಷಯವನ್ನು ವಿಚಾರಿಸಿದರು. ಆಮೇಲೆ ಕೆಲವರು ಅದು ತುಳು ಎಂದರು. ಈ ವಾದವು ಇತ್ಯರ್ಥವಾಗಿಲ್ಲ. ಹಾಗಿದ್ದರೂ ನೈಲ್ ನದಿಯ ನಾಡಿನ ಕಸದ ದಿಬ್ಬದಲ್ಲಿ ನಮ್ಮ ಮನೆಯ ‘ಕೊಂಚ’ವನ್ನು ಕಂಡಂತಾಗುವುದು ಸಣ್ಣ ಸೋಜಿಗವಲ್ಲ.

ಭಾಷೆಯ ಸೋಜಿಗಕ್ಕಿಂತ ದೊಡ್ಡದು ಆ ಪ್ರಹಸನದ ಒಂದು ಪ್ರಸಂಗ. ಹೊರಡುವ ಮುನ್ನ ವಿದೂಷಕನು ದೇವಿಯ ಕಾಣಿಕೆಗಳಲ್ಲಿ ಒಂದನ್ನು ಕದ್ದುಕೊಂಡು ಹೋಗೋಣವೆಂದು ಚಾರಿಷನಳಿಗೆ ಹೇಳುತ್ತಾನೆ. ಅವಳು ಅವನ ಬಾಯಿ ಮುಚ್ಚಿಸುತ್ತಾಳೆ. ರಕ್ಷಣೆ ಬೇಕಾದವರು ದೇವರ ಸೊತ್ತನ್ನು ಕದ್ದು ರಕ್ಷಣೆಯನ್ನು ಬೇಡಬಾರದು, ಕೆಡುಕಿನಿಂದ ದಯೆಯನ್ನು ಗಳಿಸಹೊರಟವರ ಮೊರೆಯನ್ನು ಯಾವ ದೇವರು ಕೇಳಿಯಾನು ಎಂಬುದು ಅವಳ ಮಾತಿನ ಭಾವ. ತನ್ನನ್ನು ಸೆರೆಯಿಟ್ಟ ಗುಡಿಯ ಸೊತ್ತನ್ನೂ ಅವಳು ಮುಟ್ಟಗೊಡಲಿಲ್ಲ. ಸುತ್ತಲೂ ಕುಡಿತ, ಕುಣಿತ, ನಗೆ, ಗದ್ದಲ. ನಡುವೆ ಒಬ್ಬಳು ಮಾತ್ರ ತನ್ನ ಮರ್ಯಾದೆಯನ್ನು ತಾನು ಹಿಡಿದು ನಿಂತಿದ್ದಾಳೆ. ಎರಡನೆಯ ಪ್ರಶ್ನೆಗೆ ಇದು ಚೆಲುವಾದ ಉತ್ತರ. ಕಷ್ಟದಲ್ಲಿರುವವರಿಗೆ ಎಲ್ಲವೂ ಸಲ್ಲುತ್ತದೆಂಬ ಮಾತನ್ನು ಅವಳು ಒಪ್ಪಲಿಲ್ಲ.

ಮೂರನೆಯ ಪ್ರಶ್ನೆಗೆ ಮಾತ್ರ ಇಲ್ಲಿ ಉತ್ತರವಿಲ್ಲ. ಹಡಗು ಹೋಯಿತು, ಅರಸನು ಕಟ್ಟಿದ ಹಗ್ಗದಲ್ಲಿ ಬಿದ್ದಿದ್ದಾನೆ. ಅಮಲು ಇಳಿದ ಮೇಲೆ ಅವನು ಏಳುವನು. ಆ ಗುಡಿಗೆ ಇನ್ನೊಬ್ಬ ಕನ್ಯೆ ಬಂದರೆ ಅವಳ ಗತಿಯೇನು? ಅಣ್ಣನೂ ಹಡಗೂ ಇಲ್ಲದವಳು ಏನು ಮಾಡಬೇಕು?

೪. ಹತ್ತು ಭಾಗಗಳ ಒಂದು ಹಳೆಯ ಕಾದಂಬರಿ

ಅದೇ ರೋಮ್ ಸಾಮ್ರಾಜ್ಯದ ಕಾಲದಲ್ಲಿ, ಮೂರನೆಯ ಇಲ್ಲವೆ ನಾಲ್ಕನೆಯ ಶತಮಾನದಲ್ಲಿ, ಸಿರಿಯ ದೇಶದ ಎಮೆಸ ಪಟ್ಟಣದ ಹೆಲಿಯೊಡೋರಸ್ ಎಂಬವನು ‘ಇಥಿಯೋಪಿಕ’ ಎಂಬ ಗ್ರೀಕ್ ಗದ್ಯಕಥೆಯನ್ನು ಬರೆದನು. ಅದರ ಮೊದಲ ಮುದ್ರಣವಾದದ್ದು ೧೫೩೪ರಲ್ಲಿ, ಬಾಸೆಲ್ ಪಟ್ಟಣದಲ್ಲಿ. ಮಂಗಳೂರಿನ ಮುದ್ರಣಾಲಯದಿಂದಲೂ ಕಿಟ್ಟೆಲ್ ಅವರ ನಿಘಂಟಿನಿಂದಲೂ ನಮ್ಮವರಿಗೆ ಪರಿಚಿತವಾದ ಹೆಸರೇ ಅದು. ಇಂದು ನಮ್ಮ ಮಕ್ಕಳು ಓದುವ ಪ್ರೇಮಾದ್ಭುತ ಕಾದಂಬರಿಗಳ ಹಿರಿಯಜ್ಜಿ ಇದೇ ಎನ್ನಬಹುದು.

ಇಥಿಯೋಪಿಯದ ರಾಣಿಗೆ ಬಿಳಿಯ ಬಣ್ಣದ ಹೆಣ್ಣುಮಗು ಹುಟ್ಟಿತು. ಗರ್ಭ ನಿಂತ ಕಾಲದಲ್ಲಿ ಅವಳ ಕಣ್ಣೆದುರಿಗಿದ್ದ, ಪುರಾಣದ ಆಂಡ್ರೋಮಿಡಳ ಚಿತ್ರವೇ ಇದಕ್ಕೆ ಕಾರಣವೆಂದು ಕಥೆ. ಲೋಕಾಪವಾದಕ್ಕೆ ಹೆದರಿದ ತಾಯಿಯು ನಡೆದುದನ್ನೆಲ್ಲ ಒಂದು ಪಟ್ಟಿಯ ಮೇಲೆ ಕಸೂತಿಯಾಗಿ ಬರೆದು, ಅದನ್ನೂ ಆಭರಣಗಳನ್ನೂ ಜೊತೆಗಿಟ್ಟು ಮಗುವನ್ನು ತೊರೆದಳು. ಮಗುವು ಗ್ರೀಸ್ ದೇಶದ ಡೆಲ್ಫಿ ಕ್ಷೇತ್ರದಲ್ಲಿ ಒಬ್ಬ ಅರ್ಚಕನ ಮಗಳಾಗಿ ಬೆಳೆಯಿತು. ಚಾರಿಕ್ಲಿಯ ಎಂದು ಅವಳ ಹೆಸರು. ಥಿಯಾಜೆನೀಸ್ ಎಂಬ ತರುಣನನ್ನು ಉತ್ಸವವೊಂದರಲ್ಲಿ ಕಂಡಳು. ಇಬ್ಬರೂ ಒಬ್ಬ ವೃದ್ಧ ಅರ್ಚಕನೊಡನೆ ಹೊರಟರು. ಕಡಲುಗಳ್ಳರು, ದರೋಡೆಕೋರರು, ಸೆರೆಮನೆ, ಎಲ್ಲವೂ ಬಂದುವು. ವಿಷವಿಕ್ಕಿದಳೆಂಬ ಸುಳ್ಳು ಅಪವಾದಕ್ಕಾಗಿ ಅವಳನ್ನು ಚಿತೆಗೆ ಏರಿಸಿದರು. ಉರಿಯು ಅವಳನ್ನು ಮುಟ್ಟಲಿಲ್ಲ.

ಕಟ್ಟಕಡೆಗೆ ಯುದ್ಧದ ಸೆರೆಯಾಳುಗಳಾಗಿ ಅವರಿಬ್ಬರೂ ಇಥಿಯೋಪಿಯದ ರಾಜಧಾನಿಗೆ ಬಂದರು. ಅಲ್ಲಿಯ ಪದ್ಧತಿಯಂತೆ ತರುಣನನ್ನು ಸೂರ್ಯನಿಗೂ ತರುಣಿಯನ್ನು ಚಂದ್ರನಿಗೂ ಬಲಿಕೊಡಬೇಕಾಗಿತ್ತು. ಬಲಿಗೆ ತಕ್ಕವರೋ ಎಂದು ನೋಡಲು ಕಾದ ಕುಂಡದ ಮೇಲೆ ನಿಲ್ಲಿಸುವ ಪರೀಕ್ಷೆಯಿತ್ತು. ಚಾರಿಕ್ಲಿಯಳು ತಾನಾಗಿಯೇ ಹತ್ತಿ ನಿಂತಳು. ಶುದ್ಧಳೆಂದು ತೀರ್ಮಾನವಾಯಿತು. ಇಲ್ಲಿ ಒಂದು ಕ್ರೂರ ವಿನೋದವನ್ನು ಗಮನಿಸಿರಿ. ಪರೀಕ್ಷೆಯಲ್ಲಿ ಗೆದ್ದವಳಿಗೆ ಸಿಗುವ ಬಹುಮಾನವೇ ಮರಣ! ಪರಿಶುದ್ಧಳಾದುದರಿಂದಲೇ ಅವಳು ಬಲಿಗೆ ಯೋಗ್ಯಳು.

ಸೀತಾದೇವಿಯ ಅಗ್ನಿಪರೀಕ್ಷೆಯನ್ನು ಕೇಳಿ ಬೆಳೆದ ನಾವು ಇಲ್ಲಿಗೆ ಕಥೆ ಮುಗಿಯಿತೆಂದುಕೊಳ್ಳುತ್ತೇವೆ. ಚಾರಿಕ್ಲಿಯಳು ಹಾಗೆ ಬಿಡಲಿಲ್ಲ. ಅವಳು ಅಲ್ಲಿದ್ದ ಜ್ಞಾನಿಗಳ ಸಭೆಗೆ ಮೊರೆಯಿಟ್ಟು, ಅರಸನೊಡನೆ ತನಗೆ ವ್ಯಾಜ್ಯವಿದೆ, ವಿಚಾರಣೆ ನಡೆಯಲಿ ಎಂದು ಕೇಳಿದಳು. ಪರದೇಶಿಗಳನ್ನು ಮಾತ್ರ ಬಲಿಕೊಡಬಹುದೆಂಬುದು ನಿಮ್ಮ ಕಟ್ಟಳೆ, ನಾನು ಈ ನೆಲದವಳು, ನಿಮ್ಮ ಮಗಳೇ ಎಂದು ವಾದಿಸಿದಳು. ತಾಯಿಯ ಕಸೂತಿಯ ಬರಹವನ್ನು ಮುಂದಿಟ್ಟಳು. ಆಂಡ್ರೋಮಿಡಳ ಚಿತ್ರವನ್ನು ತರಿಸಿ ಹೋಲಿಸಿ ನೋಡಿದರು. ಅರಸನು ಅವಳನ್ನು ಮಗಳೆಂದು ಒಪ್ಪಿದನು. ಆದರೂ ಪದ್ಧತಿಯನ್ನು ಬಿಡಬಾರದೆಂದು ಮಗಳನ್ನೇ ಕೊಡಲು ಮುಂದಾದನು. ಜನರು ಕೂಗಿ ತಡೆದರು. ಥಿಯಾಜೆನೀಸನ ತಲೆಯ ಮೇಲೆ ಮಾತ್ರ ಕತ್ತಿ ತೂಗುತ್ತಲೇ ಇತ್ತು. ಕೊನೆಗೆ ಜ್ಞಾನಿಗಳಲ್ಲಿ ಹಿರಿಯನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ನುಡಿದನು: ನರಬಲಿಯನ್ನು ದೇವರು ಒಲ್ಲನು, ಇವರಿಬ್ಬರನ್ನು ಬಿಟ್ಟರೆ ಸಾಲದು, ಪದ್ಧತಿಯೇ ಎಂದೆಂದಿಗೂ ನಿಲ್ಲತಕ್ಕದ್ದು. ಅರಸನು ಒಪ್ಪಿದನು.

ಮೂರನೆಯ ಪ್ರಶ್ನೆಗೆ ಇಲ್ಲಿ ಪೂರ್ಣವಾದ ಉತ್ತರ ದೊರೆಯಿತು. ಪರೀಕ್ಷೆಯು ಅವಳನ್ನು ಪರೀಕ್ಷಿಸಿತು. ಅನಂತರ ಅವಳು ಪರೀಕ್ಷೆಯನ್ನೇ ವಿಚಾರಣೆಗೆ ನಿಲ್ಲಿಸಿದಳು.

೫. ಜನ್ನನು ಹೇಳಿದ ಅಭಯದ ಕಥೆ

ಇಂಥ ಉತ್ತರವನ್ನು ಕಾಣಲು ನಾವು ಇಥಿಯೋಪಿಯಕ್ಕೇ ಹೋಗಬೇಕಾಗಿಲ್ಲ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ೧೨೦೯ರಲ್ಲಿ, ಜನ್ನಕವಿಯು ‘ಯಶೋಧರ ಚರಿತೆ’ಯನ್ನು ಮುಗಿಸಿದನು. ಅದರ ಮೊದಲಲ್ಲಿಯೇ ಬಲಿಪೀಠವಿದೆ. ಮಾರಿದತ್ತನೆಂಬ ಅರಸನು ಚಂಡಮಾರಿಗೆ ಬಲಿಕೊಡಲು ನಿಂತಿದ್ದಾನೆ. ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತರುತ್ತಾರೆ. ಅಣ್ಣತಂಗಿಯರು ಬಲಿಪೀಠದ ಮುಂದೆ ಜೊತೆಯಾಗಿ ನಿಲ್ಲುವ ಚಿತ್ರವು ಗ್ರೀಕರ ಕಥೆಯಲ್ಲಿರುವಂತೆಯೇ ಇದೆ. ಇದನ್ನು ಅದರಿಂದ ತೆಗೆದರೆಂದು ನಾನು ಹೇಳುವುದಿಲ್ಲ. ಮನುಷ್ಯರ ಭಯವು ಎಲ್ಲ ನಾಡುಗಳಲ್ಲಿಯೂ ಒಂದೇ ಬಗೆಯದಾದುದರಿಂದ ಕಥೆಗಳೂ ಹೋಲುತ್ತವೆ.

ಆ ಮಕ್ಕಳಿಗೆ ಕಾಯುವ ಹಡಗಿಲ್ಲ, ಕುಡಿಸುವ ಮದ್ಯವಿಲ್ಲ, ತೋರಿಸುವ ಆಭರಣವಿಲ್ಲ. ಅವರಲ್ಲಿದ್ದುದು ಒಂದು ಕಥೆ. ಹೆದರದೆ ನಿಂತ ಅವರನ್ನು ಕಂಡು ಅರಸನು ಬೆರಗಾಗಿ ಯಾರೆಂದು ಕೇಳಿದನು. ಅವರು ತಮ್ಮ ಹಿಂದಿನ ಜನ್ಮಗಳನ್ನು ಹೇಳಿದರು. ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕೊಲ್ಲುವ ಮನಸ್ಸಿನಿಂದ ಕಡಿದುದಕ್ಕೇ ಎಷ್ಟು ಜನ್ಮಗಳ ನೋವನ್ನು ಉಂಡೆವೆಂದು ತಿಳಿಸಿದರು. ಕೇಳುತ್ತ ಕೇಳುತ್ತ ಅರಸನ ಮನಸ್ಸು ತಿರುಗಿತು. ಅವನು ಬಲಿಯನ್ನು ಬಿಟ್ಟನು. ಯೂರಿಪಿಡೀಸನ ನಾಟಕದಲ್ಲಿ ಕತ್ತಿಯು ಒಂದು ಹನಿಗೆ ಇಳಿಯಿತು. ಜನ್ನನಲ್ಲಿ ಕೊಲ್ಲುವ ಸಂಕಲ್ಪವೇ ಅಪರಾಧವಾಯಿತು, ಹಿಟ್ಟಿನ ಕೋಳಿಗೂ ಲೆಕ್ಕ ಕೇಳಲಾಯಿತು. ಈ ವಿಷಯದಲ್ಲಿ ನಮ್ಮ ಕವಿಯು ಗ್ರೀಕ್ ನಾಟಕಕಾರನಿಗಿಂತ ಒಂದು ಹೆಜ್ಜೆ ಮುಂದೆ ಹೋದನೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

೬. ನೀರಿಗಾಗಿ

ನಮ್ಮ ಬಯಲುಸೀಮೆಯ ತಾಯಂದಿರಿಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ‘ಕೆರೆಗೆ ಹಾರ’. ಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ಬರಲಿಲ್ಲ. ಸೊಸೆಯನ್ನು ಹಾರ ಕೊಡಬೇಕೆಂಬ ಮಾತು ಬಂತು. ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಅದು ಬಿತ್ತು. ತವರಿಗೆ ಹೋದಳು, ಗೆಳತಿಯ ಮನೆಗೆ ಹೋದಳು, ಮರಳಿ ಬಂದು ಪೂಜೆಗೆ ನಡೆದಳು. ನೀರು ಏರಿತು. ದಂಡಿನಿಂದ ಬಂದ ಗಂಡನು ತಾನೂ ಅದೇ ಕೆರೆಗೆ ಹಾರಿದನು.

ಇಲ್ಲಿ ಹಡಗಿಲ್ಲ, ಜಿಂಕೆಯಿಲ್ಲ, ಕಸೂತಿಯ ಪಟ್ಟಿಯೂ ಇಲ್ಲ. ಯಾರೂ ಅವಳ ಪರವಾಗಿ ವಾದಿಸಲಿಲ್ಲ. ಈ ಹಾಡನ್ನು ಕೇಳಿ ಭಾಗೀರಥಿಯ ತ್ಯಾಗವನ್ನು ಹೊಗಳಿ ಮುಗಿಸುವವರುಂಟು. ಆದರೆ ಹಾಡು ಹಾಗೆ ಮುಗಿಯುವುದಿಲ್ಲವೆಂಬುದನ್ನು ಗಮನಿಸಬೇಕು. ಕೆರೆ ತುಂಬಿದ ಸಂತೋಷದಲ್ಲಿ ಹಾಡು ನಿಲ್ಲುವುದಿಲ್ಲ, ಗಂಡನ ಮರಣದಲ್ಲಿ ನಿಲ್ಲುತ್ತದೆ. ಮನೆಯ ಮಗಳಂಥವಳನ್ನು ಕೊಟ್ಟು ಕೊಂಡ ನೀರಿನಲ್ಲಿ ಮನೆಯ ಮಗನೂ ಮುಳುಗಿದನು. ಹಾಡಿದ ಹೆಂಗಸರು ತಮಗೆ ಕೇಳಲು ಅವಕಾಶವಿಲ್ಲದ ಮೂರನೆಯ ಪ್ರಶ್ನೆಯನ್ನು ಹಾಡಿನ ಕೊನೆಯಲ್ಲಿ ಇಟ್ಟು ಹೋಗಿದ್ದಾರೆ ಎಂದು ನಾನು ಅರ್ಥಮಾಡುತ್ತೇನೆ.

ನಮ್ಮ ಹಿರಿಯೂರು ತಾಲ್ಲೂಕಿನಲ್ಲಿಯೇ ಇದಕ್ಕೆ ಬೇರೊಂದು ಉತ್ತರವೂ ಇದೆ. ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರವರೆಗೆ ಕಟ್ಟೆ ಕಟ್ಟಲಾಯಿತು. ಮಾರಮ್ಮನ ಹೆಸರಿನ ಆ ಕಣಿವೆಯ ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದು ಹೆಸರಾಯಿತು. ೧೮೯೫ರಿಂದ ೧೯೦೨ರವರೆಗೆ, ಮಗನು ಪ್ರಾಪ್ತವಯಸ್ಕನಾಗುವ ತನಕ ಮೈಸೂರು ರಾಜ್ಯವನ್ನು ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹ��ಸರು ಅದು. ೧೯೩೩ರಲ್ಲಿ ತುಂಬಿ ಕೋಡಿಬಿದ್ದ ಆ ಜಲಾಶಯವು ಮತ್ತೆ ಕೋಡಿಬಿದ್ದುದು ೨೦೨೨ರಲ್ಲಿ. ಆ ದಿನ ನೀರನ್ನು ನೋಡಲು ಹೋದವರಲ್ಲಿ ನಿಮ್ಮಲ್ಲಿ ಅನೇಕರಿದ್ದಿರಿ. ಅಲ್ಲಿಯೂ ನೀರಿಗೆ ಹೆಣ್ಣಿನ ಹೆಸರಿದೆ, ಭಾಗೀರಥಿಯ ಹಾಡಿನಲ್ಲಿಯೂ ನೀರಿಗೆ ಹೆಣ್ಣಿನ ಹೆಸರು ಅಂಟಿಕೊಂಡಿದೆ. ಒಬ್ಬಳ ಹೆಸರು ಬಂದದ್ದು ಅವಳನ್ನು ಕೊಟ್ಟದ್ದರಿಂದ, ಇನ್ನೊಬ್ಬರ ಹೆಸರು ಬಂದದ್ದು ಅವರು ಆಳಿದ್ದರಿಂದ. ಹೆಣ್ಣುಮಕ್ಕಳ ಶಾಲೆಯೊಂದು ಯಾವುದಕ್ಕಾಗಿ ಇರಬೇಕೆಂದು ಯಾರಾದರೂ ಕೇಳಿದರೆ ಈ ಎರಡು ನೀರುಗಳ ನಡುವಣ ಅಂತರವನ್ನು ತೋರಿಸಬಹುದು.

೭. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಈಗ ತಾಯಂದಿರ ಪ್ರಶ್ನೆಗೆ ಬರುತ್ತೇನೆ. ಇಂಥ ಕಾದಂಬರಿಗಳಲ್ಲಿ ಪ್ರೇಮವಿದೆಯೆಂದು ನೀವು ಹೆದರುತ್ತೀರಿ. ವಯಸ್ಸಿಗೆ ತಕ್ಕುದಲ್ಲದ ಪುಸ್ತಕವನ್ನು ಕೆಲವು ವರ್ಷ ದೂರವಿಡುವುದು ಸರಿಯೇ. ನನ್ನ ಭಯವು ಬೇರೆ. ಹೆಚ್ಚು ನೋವುಂಡವಳೇ ಹೆಚ್ಚು ಪ್ರೀತಿಸಿದವಳು, ತನ್ನನ್ನು ಪೂರ್ತಿಯಾಗಿ ಕೊಟ್ಟುಕೊಂಡವಳೇ ಉತ್ತಮಳು ಎಂಬ ಪಾಠವು ಹುಡುಗಿಯ ಮನಸ್ಸಿನಲ್ಲಿ ಇಳಿದುಬಿಟ್ಟರೆ, ನಾಳೆ ಅವಳಿಗೆ ಒಡ್ಡಲಾಗುವ ಪ್ರತಿಯೊಂದು ಅನ್ಯಾಯವನ್ನೂ ಅವಳು ತನ್ನ ಪ್ರೇಮದ ಪರೀಕ್ಷೆಯೆಂದೇ ತಿಳಿಯುವಳು. ಹೊಡೆಯುವವನನ್ನೂ ಕ್ಷಮಿಸಿ ಗೆಲ್ಲುವೆನೆಂದುಕೊಳ್ಳುವಳು. ಈ ಪಾಠವನ್ನು ಪರದೇಶದ ಪುಸ್ತಕ ಮಾತ್ರ ಹೇಳುತ್ತದೆಂದಲ್ಲ, ನಮ್ಮ ಮನೆಗಳೂ ಹೇಳುತ್ತವೆ. ಅಣ್ಣನ ಕಾಲೇಜಿನ ಖರ್ಚಿಗೆಂದು ತಂಗಿಯ ಓದನ್ನು ಹತ್ತನೆಯ ತರಗತಿಗೆ ನಿಲ್ಲಿಸುವುದು, ಒಳ್ಳೆಯ ಸಂಬಂಧ ಬಂದಿದೆಯೆಂದು ಪರೀಕ್ಷೆಗೆ ಮೂರು ತಿಂಗಳಿರುವಾಗ ಮದುವೆ ನಿಶ್ಚಯಿಸುವುದು, ಇವು ಕತ್ತಿಯಿಲ್ಲದ ಬಲಿಗಳು. ಇಫಿಜೀನಿಯಳನ್ನೂ ಕರೆಸಿದ್ದು ಮದುವೆಗೆಂದೇ.

ಆದಕಾರಣ ಮಗಳು ಓದುತ್ತಿರುವ ಪುಸ್ತಕದ ಕಥೆಯನ್ನು ಅವಳಿಂದಲೇ ಹೇಳಿಸಿಕೊಳ್ಳಿರಿ. ರೊಟ್ಟಿ ತಟ್ಟುತ್ತಲೋ ಸೊಪ್ಪು ಸೋಸುತ್ತಲೋ ಕೇಳಿದರೆ ಸಾಕು. ನಡುನಡುವೆ ಈ ಪ್ರಶ್ನೆಗಳನ್ನು ಹಾಕಿರಿ. ಉತ್ತರವನ್ನು ನೀವು ಹೇಳಿಕೊಡಬೇಡಿರಿ.

ಒಂದು. ಈ ಪರೀಕ್ಷೆಯನ್ನು ಯಾರು ಒಡ್ಡಿದರು, ಅದರಿಂದ ಲಾಭ ಯಾರಿಗೆ?

ಎರಡು. ನಾಯಿಕೆಯು ಯಾವ ಬಲದಿಂದ ಪಾರಾದಳು? ಬುದ್ಧಿಯಿಂದಲೋ, ಇತರರ ಸಹಾಯದಿಂದಲೋ, ಬರಿಯ ಸೌಂದರ್ಯದಿಂದಲೋ? ಚಾರಿಷನಳಂತೆ ಅವಳು ಮುಟ್ಟಲೊಲ್ಲದ ವಸ್ತು ಏನಾದರೂ ಇತ್ತೇ?

ಮೂರು. ಅವಳು ಗೆದ್ದ ಮೇಲೆ ಆ ಪರೀಕ್ಷೆ ಮುಂದಿನ ಹುಡುಗಿಗೂ ಕಾದಿದೆಯೇ, ಇಲ್ಲವೆ ನಿಂತುಹೋಯಿತೇ?

ನಾಲ್ಕು. ನಿಲ್ಲಿಸಿದವರು ಯಾರು? ಯಾರೂ ನಿಲ್ಲಿಸದಿದ್ದರೆ, ನೀನು ಬರೆದಿದ್ದರೆ ಕಥೆಯನ್ನು ಹೇಗೆ ಮುಗಿಸುತ್ತಿದ್ದೆ?

‘ದಿ ಹಂಗರ್ ಗೇಮ್ಸ್’ ಓದಿದ ಹುಡುಗಿಯು ಮೊದಲ ಪುಸ್ತಕದಲ್ಲಿ ನಾಯಿಕೆ ಬದುಕಿದಳೆಂಬಲ್ಲಿಗೆ ನಿಲ್ಲಿಸದೆ ಮೂರನೆಯ ಪುಸ್ತಕದ ಕೊನೆಯನ್ನು ನೋಡಲಿ. ಅಲ್ಲಿ ಕಣಗಳನ್ನೆಲ್ಲ ಕೆಡವಿ ಸತ್ತವರ ನೆನಪಿಗೆ ಸ್ಮಾರಕಗಳನ್ನು ಕಟ್ಟಿರುತ್ತಾರೆ. ಇಂಥ ಉತ್ತರವಿಲ್ಲದ ಪುಸ್ತಕಗಳೂ ಅನೇಕವಿವೆ. ಅವನ್ನು ಸುಡಬೇಕಾಗಿಲ್ಲ. ಉತ್ತರವಿಲ್ಲವೆಂಬುದನ್ನು ಹುಡುಗಿಯೇ ಕಂಡುಹಿಡಿದರೆ ಆ ಓದು ಸಾರ್ಥಕ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಬಹುಮಂದಿ ಈಗ ತಾಯಂದಿರು, ಕೆಲವರು ಅತ್ತೆಯಂದಿರು, ಕೆಲವರು ಶಿಕ್ಷಕಿಯರು, ದಾದಿಯರು. ಇಫಿಜೀನಿಯಳಂತೆ ನಿಮ್ಮ ಕೈಗೂ ಒಂದಲ್ಲ ಒಂದು ದಿನ ತೀರ್ಥದ ಪಾತ್ರೆ ಬರುತ್ತದೆ. ಮನೆಯಲ್ಲಿ ಒಂದು ಹುಡುಗಿಯ ವಿಷಯವಾಗಿ ಹಿರಿಯರೆಲ್ಲ ಕುಳಿತು ತೀರ್ಮಾನಿಸುವಾಗ ನಿಮ್ಮನ್ನೂ ಒಂದು ಮಾತು ಕೇಳುತ್ತಾರೆ. ಆ ಹೊತ್ತಿನಲ್ಲಿ ಮೂರನೆಯ ಪ್ರಶ್ನೆಯನ್ನು ನೆನಪಿಡಿರಿ. ಹುಡುಗಿಯು ಪಕ್ಕದ ಕೋಣೆಯಲ್ಲಿಯೇ ಇರುತ್ತಾಳೆ. ಅವಳನ್ನು ಒಳಗೆ ಕರೆದು, ಅವಳ ಮಾತನ್ನೂ ಕೇಳಿರಿ.